ಆಪ್ತಸಲಹೆ ಪ್ರಕರಣ: ಮೇಷ್ಟ್ರ ಮಾಸ್ಕ್, ಮನೆಯವರ ಕಾವಲು

(ಗುರುತು ಸಿಗದಂತೆ ಊರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಇವರು ನನ್ನ ಹತ್ತಿರ ಬಂದದ್ದು ಜಗಳದ ಕಾರಣಕ್ಕೆ. ಅವರಿಗೆ 56 ವರ್ಷ, ದಾವಣಗೆರೆ ಸೀಮೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಹೆಂಡತಿಗೆ 51. "ಮೊದ್ಲು ಹಿಂಗಿರ್ಲಿಲ್ಲ ಮೇಡಂ. ಈಗ ಮಾತೆತ್ತಿದ್ರೆ ಸಿಡುಕ್ತಾರೆ, ಊಟಕ್ಕೆ ಕರೆದ್ರೂ ಸಿಟ್ಟು" ಎಂದು ಆಕೆ ಶುರು ಮಾಡಿದರು. ಆಕೆ ಹೇಳುತ್ತಿದ್ದಂತೆಯೇ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರ ಕತ್ತು ವಾಲಿತು. ಬಾಯಿ ಸ್ವಲ್ಪ ತೆರೆಯಿತು. ಗಂಟಲಲ್ಲಿ ಒಂದು ಸದ್ದಾಗಿ ನಿಂತೇಹೋಯಿತು, ಎದೆ ಮಾತ್ರ ಏಳಲು ಹೆಣಗುತ್ತಿತ್ತು. ಆಕೆ ಮಾತು ನಿಲ್ಲಿಸಲಿಲ್ಲ, ಅವರ ಕಡೆ ತಿರುಗಿಯೂ ನೋಡಲಿಲ್ಲ, ಮೊಣಕೈಯಿಂದ ಮೆಲ್ಲಗೆ ತಿವಿದರು. ಮೇಷ್ಟ್ರು ಗೊರ್ ಎಂದು ಉಸಿರೆಳೆದುಕೊಂಡು ಎಚ್ಚೆತ್ತು "ಹ್ಞಾಂ, ಹೇಳಿ" ಎಂದರು. ಎಷ್ಟು ವರ್ಷದ ರೂಢಿಯೋ, ತಿವಿದದ್ದು ಆಕೆಯ ಗಮನಕ್ಕೂ ಬಂದಂತೆ ಕಾಣಲಿಲ್ಲ.

ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ, ಆಗಿದೆಯಾ ಎಂದು ಕೇಳಿದೆ. ಆಗಿತ್ತು. ಗಂಟೆಗೆ ಸರಾಸರಿ 38 ಸಲ ಉಸಿರು ನಿಲ್ಲುತ್ತಿತ್ತು ಇಲ್ಲವೇ ತೀರಾ ಕಡಿಮೆಯಾಗುತ್ತಿತ್ತು. ದೊಡ್ಡವರಲ್ಲಿ ಇದು 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ ಎಂದು ಲೆಕ್ಕ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಹೀಗೆ ಉಸಿರು ನಿಲ್ಲುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಇದಕ್ಕೆ ಕೊಡುವ, ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಡುವ ಸಿಪ್ಯಾಪ್ ಮೆಷಿನ್ನೂ ಮನೆಗೆ ಬಂದಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ದುಡ್ಡು ಕೊಟ್ಟು ತಂದುಕೊಟ್ಟಿದ್ದ. ಅದೀಗ ಬೀರುವಿನ ಮೇಲೆ ಬ್ಯಾಗಿನಲ್ಲೇ ಕುಳಿತಿತ್ತು. "ಅದರ ವಿಷ್ಯ ಬಿಡಿ ಮೇಡಂ, ನಂಗೆ ಆಗ್ಬರಲ್ಲ" ಎಂದು ಮೇಷ್ಟ್ರು ಮುಖ ತಿರುಗಿಸಿದರು.

ಸಿಡುಕು, ಮರೆವು, ಬೆಳಗ್ಗೆ ತಲೆನೋವು, ಏನು ಮಾಡಿದರೂ ಇಳಿಯದ ಬಿ.ಪಿ., ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು ಇವನ್ನೆಲ್ಲ ಆ ಮನೆಯಲ್ಲಿ ಬೇರೆ ಬೇರೆ ಖಾತೆಗೆ ಬರೆದಿದ್ದರು. ಸಿಡುಕು ವಯಸ್ಸಿಗೆ, ಮೂತ್ರ ಪ್ರಾಸ್ಟೇಟಿಗೆ, ಮರೆವು ಕೆಲಸದ ಒತ್ತಡಕ್ಕೆ. ಮೂತ್ರದ ವಿಷಯ ಬಿಡಿಸಿ ಹೇಳಿದಾಗ ಮೇಷ್ಟ್ರು ಮೊದಲ ಸಲ ನೆಟ್ಟಗೆ ಕುಳಿತರು. ಗಂಟಲು ಮುಚ್ಚಿಕೊಂಡಾಗ ಎದೆ ಉಸಿರಿಗಾಗಿ ಜಗ್ಗಾಡುತ್ತದೆ. ಆ ಎಳೆತಕ್ಕೆ ಹೃದಯದ ಮೇಲ್ಕೋಣೆಗಳು ಹಿಗ್ಗಿ, ದೇಹದಲ್ಲಿ ನೀರು ಹೆಚ್ಚಾಗಿದೆಯೆಂದು ತಪ್ಪು ತಿಳಿದು, ಅದನ್ನು ಹೊರಹಾಕುವ ಹಾರ್ಮೋನು ಬಿಡುತ್ತವೆ. ಅದಕ್ಕೇ ಮಧ್ಯರಾತ್ರಿ ಮೂತ್ರ ತುಂಬುತ್ತದೆ. ಗಣಿತದವರಲ್ಲವೇ, ಕಾರಣದಿಂದ ಕಾರ್ಯಕ್ಕೆ ಸಾಲು ಕೂಡಿಬಂದದ್ದು ಅವರಿಗೆ ಹಿಡಿಸಿತು.

ಮೆಷಿನ್ ಯಾಕೆ ಬಿಟ್ಟರೆಂದು ಅಂದೇ ಕೆದಕಲಿಲ್ಲ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದೆ. ಉಸಿರುಗಟ್ಟಿದ ಹಾಗಾಗುತ್ತದೆ, ಮೂಗು ಒಣಗುತ್ತದೆ, ಪಟ್ಟಿ ಕೆನ್ನೆ ಒತ್ತುತ್ತದೆ, ಕರೆಂಟ್ ಹೋದರೆ ಗತಿಯೇನು ಎಂದು ಒಂದೊಂದೇ ಹೇಳಿದರು. ಎಲ್ಲವೂ ನಿಜವಾದ ತೊಂದರೆಗಳೇ. ಕೊನೆಗೆ ಇನ್ನೊಂದು ಬಂತು. ಮೆಷಿನ್ನಿನ ಆ್ಯಪ್ ಮಗನ ಫೋನಿನಲ್ಲಿತ್ತು. ದಿನಾ ಬೆಳಗ್ಗೆ ಏಳಕ್ಕೆ ಫೋನು: "ಅಪ್ಪಾ, ನಿನ್ನೆ ಬರೀ ಒಂದೂಮುಕ್ಕಾಲು ಗಂಟೆ ಹಾಕ್ಕೊಂಡಿದೀರ. ನೂರಕ್ಕೆ ಇಪ್ಪತ್ತೊಂಬತ್ತು." ಹೃದಯಾಘಾತದ ವೀಡಿಯೊಗಳು ವಾಟ್ಸಾಪಿನಲ್ಲಿ ಸಾಲಾಗಿ ಬರುತ್ತಿದ್ದವು. ರಾತ್ರಿ ಹೆಂಡತಿ ಎರಡೆರಡು ಸಲ ಎದ್ದು ಟಾರ್ಚ್ ಬಿಟ್ಟು ಮಾಸ್ಕ್ ನೋಡುತ್ತಿದ್ದರು, ತೆಗೆದಿದ್ದರೆ ಎಬ್ಬಿಸಿ ಹಾಕಿಸುತ್ತಿದ್ದರು. "ಮೂವತ್ತು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದೀನಿ ಮೇಡಂ. ಈಗ ನನ್ನ ನಿದ್ದೆಗೆ ನನ್ನ ಮಗ ಮಾರ್ಕ್ಸ್ ಹಾಕ್ತಾನೆ. ಫೇಲು ಅಂತ ಹೆಂಡ್ತಿಗೂ ಹೇಳ್ತಾನೆ." ಹೇಳುವಾಗ ಅವರ ದನಿ ನಡುಗಿತು.

ಮಾಸ್ಕ್ ಎಷ್ಟು ಒಳ್ಳೆಯದಿದ್ದರೂ ಇಂಥ ಕಡೆ ನಿಲ್ಲುವುದಿಲ್ಲ ಎನ್ನುವುದು ನನ್ನ ಅನುಭವ. ಮೂಗು ಯಾರದೋ ಉಸ್ತುವಾರಿಯೂ ಅವರದೇ ಆಗಬೇಕು. ಮೊದಲ ಸಲಹೆ ಕೊಟ್ಟದ್ದು ಮಗನಿಗೆ, ವೀಡಿಯೊ ಕಾಲಿನಲ್ಲಿ. ಆ್ಯಪ್ ಅಪ್ಪನ ಫೋನಿಗೆ ವರ್ಗಾಯಿಸಿ, ನಿಮ್ಮದರಿಂದ ತೆಗೆದುಬಿಡಿ ಎಂದೆ. "ನಾನು ಬಿಟ್ರೆ ಅವರು ಹಾಕ್ಕೊಳ್ಳೋದೇ ಇಲ್ಲ" ಎಂದ. ಈಗಲೂ ಹಾಕಿಕೊಳ್ಳುತ್ತಿಲ್ಲವಲ್ಲ ಎಂದಾಗ ಒಪ್ಪಿದ. ಬೆಳಗಿನ ಫೋನು ಬಿಡಬೇಡಿ, ಆದರೆ ನಿದ್ದೆಯ ಮಾತು ಅವರಾಗಿ ಎತ್ತಿದರೆ ಮಾತ್ರ ಆಡಿ ಎಂದೂ ಹೇಳಿದೆ. ಆ ಹುಡುಗನ ಪ್ರೀತಿಯ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ. ದೂರದಲ್ಲಿರುವ ಮಕ್ಕಳಿಗೆ ಇದು ಎಷ್ಟು ಕಷ್ಟವೆಂದೂ ಗೊತ್ತು.

ಹೆದರಿಕೆಯ ವೀಡಿಯೊ ಕಳಿಸುವುದನ್ನೂ ನಿಲ್ಲಿಸಿ ಎಂದು ಮಗನಿಗೆ ಹೇಳಿದೆ. ಅದಕ್ಕೆ ಬೇರೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ 'ಸೇವ್' ಎಂಬ ದೊಡ್ಡ ಅಧ್ಯಯನದಲ್ಲಿ, ಆಗಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,700ಕ್ಕೂ ಹೆಚ್ಚು ಜನರಲ್ಲಿ ಸಿಪ್ಯಾಪ್ ಮೆಷಿನ್ನಿನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಂಡುಬರಲಿಲ್ಲ. ಅವರು ಸರಾಸರಿ ರಾತ್ರಿಗೆ 3.3 ಗಂಟೆ ಮಾತ್ರ ಬಳಸಿದ್ದರು ಎನ್ನುವುದನ್ನೂ ಜೊತೆಗೇ ಹೇಳಬೇಕು. ಅದೇ ಅಧ್ಯಯನದಲ್ಲಿ ಗೊರಕೆ, ಹಗಲಿನ ತೂಕಡಿಕೆ ಕಡಿಮೆಯಾಗಿ ಮನಸ್ಸು ಹಗುರವಾದದ್ದು ಸ್ಪಷ್ಟವಾಗಿ ಕಂಡಿತು. ಹಾಗಾಗಿ ನಾನು ಸಾವಿನ ಹೆಸರು ಹೇಳಿ ಮಾಸ್ಕ್ ಹಾಕಿಸುವುದಿಲ್ಲ. ನಿಮಗೆ ಹಗಲಿನಲ್ಲಿ ಏನು ವಾಪಸ್ ಬೇಕು ಎಂದು ಕೇಳುತ್ತೇನೆ. ಮಧ್ಯಾಹ್ನದ ಮೇಲಿನ ಪೀರಿಯಡ್ಡಿನಲ್ಲಿ ಬೋರ್ಡಿನ ಮುಂದೆ ನಿಂತು ಅರ್ಧ ಲೆಕ್ಕಕ್ಕೆ ತಡವರಿಸುವುದು ನಿಲ್ಲಬೇಕು ಎಂದರು ಮೇಷ್ಟ್ರು. ಅದನ್ನೇ ಗುರಿ ಎಂದು ಬರೆದುಕೊಂಡೆವು. ಅಲ್ಲಿಯವರೆಗೆ ಬೈಕು ಮುಟ್ಟಬಾರದು, ಬಸ್ಸಿನಲ್ಲೇ ಶಾಲೆಗೆ ಹೋಗಬೇಕು ಎಂದು ಖಡಾಖಂಡಿತವಾಗಿ ಹೇಳಿದೆ. ಈ ಒಂದರಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ. ಹಗಲಿನ ತೂಕಡಿಕೆ ಅಳೆಯಲು ಎಪ್‌ವರ್ತ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯಿದೆ, ಒಟ್ಟು 24 ಅಂಕ, 10 ದಾಟಿದರೆ ಹೆಚ್ಚು ಎಂದು ಲೆಕ್ಕ. ಅವರಿಗೆ 17 ಬಂದಿತ್ತು.

ಆಮೇಲೆ ಮಾಸ್ಕಿನ ಕಡೆ ಬಂದೆವು. ಅವರಿಗೆ ಕೊಟ್ಟಿದ್ದು ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್. ಅವರಿಗೆ ದಪ್ಪ ಮೀಸೆ. ಮೀಸೆಯ ಮೇಲೆ ಮಾಸ್ಕ್ ಸರಿಯಾಗಿ ಕೂರದೆ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಸೋರುತ್ತದೆಂದು ಪಟ್ಟಿ ಬಿಗಿದಷ್ಟೂ ಮೆತ್ತೆ ಸೊಟ್ಟಗಾಗಿ ಇನ್ನೂ ಸೋರುತ್ತಿತ್ತು. ಮಲಗುವ ಮುಂಚೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಬೇರೆ. ಎಣ್ಣೆಗೆ ಸಿಲಿಕೋನ್ ಜಾರುತ್ತದೆ, ಬೇಗ ಹಾಳಾಗುತ್ತದೆ. ಸೊಳ್ಳೆಬತ್ತಿ ಉರಿಯುತ್ತಿದ್ದುದು ಮೆಷಿನ್ ಇಟ್ಟ ಸ್ಟೂಲಿನ ಕೆಳಗೇ, ಅದರ ಹೊಗೆಯನ್ನೇ ಮೆಷಿನ್ ಎಳೆದು ಮೂಗಿಗೆ ಕೊಡುತ್ತಿತ್ತು! ಇದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಎಣ್ಣೆ ಬೆಳಗ್ಗೆ ಸ್ನಾನಕ್ಕೆ ಮುಂಚೆ ಹಚ್ಚಿ, ರಾತ್ರಿ ಮುಖ ಸೋಪು ಹಾಕಿ ತೊಳೆದು ಮಲಗಿ, ಬತ್ತಿ ಬಿಟ್ಟು ಸೊಳ್ಳೆಪರದೆ ಕಟ್ಟಿ ಎಂದೆ. ಮಾಸ್ಕ್ ಬದಲಿಸಲು ಡಾಕ್ಟರಿಗೆ ಚೀಟಿ ಬರೆದೆ. ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡಲು ಅವರಿಗೆ ಅಡ್ಡಿಯಿರಲಿಲ್ಲವಾದ್ದರಿಂದ, ಮೂಗಿನ ಹೊಳ್ಳೆಗಳಿಗಷ್ಟೇ ಒತ್ತಿ ಕೂರುವ ಚಿಕ್ಕ ಮಾಸ್ಕ್ ಕೊಟ್ಟು ನೋಡಿದರು. ಮೀಸೆ ಉಳಿಯಿತು. ಪಟ್ಟಿಯನ್ನು ಕನ್ನಡಿ ಮುಂದೆ ಕೂತು ಬಿಗಿಯಬಾರದು, ಮಲಗಿ, ಗಾಳಿ ಬರುತ್ತಿರುವಾಗ ಹೊಂದಿಸಿಕೊಳ್ಳಬೇಕು. ಮಲಗಿದಾಗ ಮುಖದ ಚರ್ಮ ಬೇರೆ ಥರ ಕೂರುತ್ತದೆ.

ಕರೆಂಟಿನ ಭಯ ದೊಡ್ಡದಿತ್ತು. ಅದಕ್ಕೆ ಮಾತಿಗಿಂತ ಪ್ರಯೋಗ ಮೇಲು. ನನ್ನೆದುರೇ ಮಾಸ್ಕ್ ಹಾಕಿಸಿ, ಅವರ ಕೈಯಲ್ಲೇ ಪ್ಲಗ್ ತೆಗೆಸಿದೆ. ಗಾಳಿ ನಿಂತಿತು, ಅವರು ಬಾಯಿ ತೆರೆದು ಉಸಿರಾಡಿದರು, ಅಷ್ಟೇ. ದೊಡ್ಡ ಮಾಸ್ಕುಗಳಲ್ಲಿ ಗಾಳಿ ನಿಂತರೆ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವೇ ಇರುತ್ತದೆ. ಇನ್ವರ್ಟರಿಗೆ ಜೋಡಿಸುವ ಮುಂಚೆ ಮೆಷಿನ್ ಕೊಟ್ಟವರನ್ನು ಕೇಳಬೇಕು. ನೀರು ಬಿಸಿ ಮಾಡಿ ಗಾಳಿಗೆ ತೇವ ಕೊಡುವ ಭಾಗ ಹೆಚ್ಚು ವಿದ್ಯುತ್ ಎಳೆಯುವುದರಿಂದ, ಬ್ಯಾಟರಿಯಲ್ಲಿ ಓಡಿಸುವಾಗ ಅದನ್ನು ಆಫ್ ಮಾಡಿಕೊಳ್ಳಬಹುದು.

ಉಸಿರುಗಟ್ಟುವ ಭಾವನೆಗೆ ಮದ್ದು ಹಗಲಿನಲ್ಲಿದೆ. ರಾತ್ರಿ ಹತ್ತಕ್ಕೆ ದಣಿದ ದೇಹಕ್ಕೆ ಹೊಸ ವಸ್ತು ಕಟ್ಟಿ ನಿದ್ದೆ ಮಾಡು ಎಂದರೆ ಯಾವ ಮನಸ್ಸೂ ತಿರುಗಿ ಬೀಳುತ್ತದೆ. ಅದಕ್ಕೇ ಮೊದಲು ಪಟ್ಟಿಯಿಲ್ಲದೆ, ಮಾಸ್ಕನ್ನು ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಕೂರಲು ಹೇಳಿದೆ. ಬೇಡವೆನಿಸಿದ ಕ್ಷಣ ತೆಗೆಯಬಹುದು, ಕೈ ನಿಮ್ಮದೇ. ಅದು ಬೇಜಾರು ಬರುವಷ್ಟು ಸಲೀಸಾದ ಮೇಲೆ ಪಟ್ಟಿ ಹಾಕಿ, ಬೇರೆ ಏನಾದರೂ ಮಾಡುತ್ತಾ ಕೂರುವುದು. ಮೇಷ್ಟ್ರು ಯೂನಿಟ್ ಟೆಸ್ಟಿನ ಉತ್ತರಪತ್ರಿಕೆ ತಿದ್ದುತ್ತಾ ಕೂತರು. ಒಂದು ಕಟ್ಟು ಮುಗಿಯುವ ಹೊತ್ತಿಗೆ ಮುಖದ ಮೇಲೆ ಏನೋ ಇದೆಯೆನ್ನುವುದೇ ಮರೆತುಹೋಗಿತ್ತು ಎಂದು ಆಮೇಲೆ ಹೇಳಿದರು. ನಂತರ ಎಚ್ಚರದಲ್ಲೇ ಅಡ್ಡಾಗುವುದು, ಭಾನುವಾರದ ಮಧ್ಯಾಹ್ನದ ನಿದ್ದೆ, ಕಟ್ಟಕಡೆಗೆ ರಾತ್ರಿ. ಮೊದಲು ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವ ರ‍್ಯಾಂಪ್ ಎಂಬ ಸೌಲಭ್ಯವನ್ನು ಟೆಕ್ನೀಷಿಯನ್ ಹೊಂದಿಸಿಕೊಟ್ಟರು. ಚಿಕಿತ್ಸೆಯ ಒತ್ತಡವನ್ನು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಗಾಳಿ ನನ್ನನ್ನು ಉಸಿರಾಡಿಸುತ್ತದಾ ಎಂದು ಅವರು ಕೇಳಿದ್ದರು. ಇಲ್ಲ, ಉಸಿರಾಡುವವರು ನೀವೇ. ಗಾಳಿ ಹಾಕಿದ ಸೈಕಲ್ ಟ್ಯೂಬಿನ ಗೋಡೆಗಳು ಒಂದಕ್ಕೊಂದು ಅಂಟದ ಹಾಗೆ, ಈ ಒತ್ತಡ ಗಂಟಲನ್ನು ತೆರೆದು ಹಿಡಿಯುತ್ತದೆ, ಅಷ್ಟೇ ಅದರ ಕೆಲಸ. ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಮೊದಲು ಪ್ರಕಟಿಸಿದಾಗ ಐವರು ರೋಗಿಗಳಿದ್ದರು. ಆ ಕಾಲದಲ್ಲಿ ಮಾಸ್ಕನ್ನು ಮೂಗಿಗೆ ಅಂಟು ಹಾಕಿ ಕೂರಿಸುತ್ತಿದ್ದರಂತೆ ಎಂದಾಗ ಮೇಷ್ಟ್ರು ತಮ್ಮ ಚಿಕ್ಕ ಮಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು.

ಇನ್ನು ಆಕೆಯ ವಿಷಯ. ಇಂಥ ಪ್ರಕರಣಗಳಲ್ಲಿ ಹೆಂಡತಿಯ ನಿದ್ದೆಯನ್ನು ಯಾರೂ ಕೇಳುವುದಿಲ್ಲ, ಅದು ನನಗೆ ಬಹಳ ನೋವಿನ ಸಂಗತಿ. ಪಕ್ಕದ ರೂಮಿನಲ್ಲಿ ಮಲಗಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ, "ಉಸ್ರು ನಿಂತ್ರೆ ತಟ್ಟಿ ಎಬ್ಸೋರ್ ಯಾರು ಮೇಡಂ?" ಎಂದರು. ವರ್ಷಗಟ್ಟಲೆ ಗಂಡನ ಗೊರಕೆ ನಿಂತ ಕೂಡಲೇ ಎಚ್ಚರವಾಗುತ್ತಿದ್ದ ಜೀವ ಅದು. ಈಗ ಮೆಷಿನ್ ಹಾಕಿದ ರಾತ್ರಿ ಗೊರಕೆಯೇ ಇಲ್ಲ, ನಿಶ್ಶಬ್ದ. ಆ ನಿಶ್ಶಬ್ದವೇ ಆಕೆಯನ್ನು ಬಡಿದೆಬ್ಬಿಸುತ್ತಿತ್ತು. ಟಾರ್ಚ್ ಹಿಡಿದು ಏಳುತ್ತಿದ್ದುದು ಕಾವಲಿಗಷ್ಟೇ ಅಲ್ಲ, ಬದುಕಿದ್ದಾರಾ ಎಂದು ನೋಡುವುದಕ್ಕೂ. ಇದನ್ನು ಕೇಳಿ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ಮೇಲಿನ ಅನುಮಾನ ಎಂದುಕೊಂಡಿದ್ದರು ಅವರು.

ಆಕೆಗೆ ಮೆಷಿನ್ನಿನ ಪರದೆ ತೋರಿಸಿದೆ. ಮಾಸ್ಕ್ ಹಾಕಿದ್ದ ಹೊತ್ತಿನಲ್ಲಿ ಗಂಟೆಗೆ ಎಷ್ಟು ಸಲ ಉಸಿರಾಟಕ್ಕೆ ಅಡ್ಡಿಯಾಯಿತು ಎಂದು ಅದೇ ದಾಖಲಿಸುತ್ತದೆ. 38 ಇದ್ದದ್ದು 3ಕ್ಕೆ ಇಳಿದಿತ್ತು. ಬೆಳಗ್ಗೆ ಮೇಷ್ಟ್ರೇ ಆ ಅಂಕಿ ನೋಡಿ ಕಾಫಿ ಕುಡಿಯುವಾಗ ಆಕೆಗೆ ಹೇಳಲಿ, ರಾತ್ರಿ ಆಕೆ ಏಳುವುದು ಬೇಡ ಎಂದು ಒಪ್ಪಂದವಾಯಿತು. ಟಾರ್ಚ್ ಅಡುಗೆಮನೆಗೆ ಹೋಯಿತು. ಆಕೆಗೆ ಆದರೂ ಸರಿಯಾಗಿ ನಿದ್ದೆ ಹತ್ತಲಿಲ್ಲ. ಎಚ್ಚರಕ್ಕೆ ಒಗ್ಗಿದ ದೇಹ ಬೇಗ ಬಿಡುವುದಿಲ್ಲ. ಆಕೆಯ ಜೊತೆ ಬೇರೆಯಾಗಿ ಇನ್ನೂ ಕೆಲವು ಭೇಟಿಗಳು ನಡೆದವು: ಮಲಗುವ ಏಳುವ ಹೊತ್ತು, ಮಧ್ಯಾಹ್ನದ ನಿದ್ದೆ ಬಿಡುವುದು, ವಾರದಲ್ಲಿ ಕೆಲವು ರಾತ್ರಿ ಪಕ್ಕದ ರೂಮಿನಲ್ಲಿ ಮಲಗುವುದು ಇತ್ಯಾದಿ.

ಮೇಷ್ಟ್ರು ತಮ್ಮದೇ ನೋಟ್‌ಬುಕ್ಕಿನಲ್ಲಿ ಗಂಟೆ ಬರೆಯತೊಡಗಿದರು. ರಾತ್ರಿಗೆ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿ ಎನ್ನುವುದು ವೈದ್ಯರು ಸಾಮಾನ್ಯವಾಗಿ ಕೇಳುವ ಕನಿಷ್ಠ ಬಳಕೆ. ಇಡೀ ನಿದ್ದೆಗೆ ಹಾಕಿಕೊಂಡರೆ ಒಳ್ಳೆಯದು. ಡಿಸೆಂಬರಿನ ಚಳಿಯಲ್ಲಿ ಟ್ಯೂಬಿನೊಳಗೆ ನೀರು ಕಟ್ಟಿ ಮೂಗಿಗೆ ತೊಟ್ಟಿಕ್ಕಿದಾಗ ಟ್ಯೂಬನ್ನು ಹೊದಿಕೆಯೊಳಗೆ ಎಳೆದುಕೊಂಡು, ತೇವದ ಪ್ರಮಾಣವನ್ನು ಸ್ವಲ್ಪ ತಗ್ಗಿಸಿ ತಾವೇ ಸರಿಪಡಿಸಿಕೊಂಡರು. ನಡುವೆ ನೆಗಡಿ ಬಂದು ವಾರದ ಮಟ್ಟಿಗೆ ಬಿಟ್ಟುಹೋಯಿತು, ಮತ್ತೆ ಹಾಕಲು ಮನಸ್ಸಾಗಲಿಲ್ಲ. ಬಹಳ ಜನ ಸೋಲುವುದು ಈ ಘಟ್ಟದಲ್ಲಿ. ಬೈದುಕೊಳ್ಳದೆ ಒಂದು ಸಂಜೆ ಉತ್ತರಪತ್ರಿಕೆಯ ಹಂತಕ್ಕೆ ಹಿಂದಿರುಗಿ ಎಂದೆ. ಹಾಗೇ ಮಾಡಿದರು. ಮೂಗು ಕಟ್ಟಿದಾಗ ಉಪ್ಪುನೀರಿನ ಸ್ಪ್ರೇ ಬಳಸಬಹುದು. ಮೂಗು ಸದಾ ಕಟ್ಟಿರುತ್ತಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಬೇಕು.

ಈಗ ಅವರ ಎಪ್‌ವರ್ತ್ ಅಂಕ 7. ರಾತ್ರಿ ಮೂತ್ರಕ್ಕೆ ಒಂದು ಸಲ ಏಳುತ್ತಾರೆ, ಕೆಲವು ದಿನ ಅದೂ ಇಲ್ಲ. ಬಿ.ಪಿ. ಮಾತ್ರೆ ಮುಂದುವರಿದಿದೆ, ಅದನ್ನು ತಾವಾಗಿ ಬಿಡಬಾರದೆಂದು ಹೇಳಿದ್ದೇನೆ. ಡಾಕ್ಟರು ಒಪ್ಪಿದ ಮೇಲೆ ಬೈಕು ಹತ್ತಿದ್ದಾರೆ. ಸಿಡುಕು ಪೂರ್ತಿ ಹೋಗಿಲ್ಲ, ಜಗಳದಲ್ಲಿ ಎಷ್ಟು ಪಾಲು ನಿದ್ದೆಯದು, ಎಷ್ಟು ಪಾಲು ಹಳೆಯ ಮಾತುಗಳದ್ದು ಎಂದು ಇನ್ನೂ ಬಿಡಿಸುತ್ತಿದ್ದೇವೆ. ಬರುವ ತಿಂಗಳು ಮಗನ ಮದುವೆ, ಛತ್ರದಲ್ಲಿ ನೆಂಟರ ನಡುವೆ ಮಲಗಬೇಕು, ಅಲ್ಲಿ ಮಾಸ್ಕ್ ಹೇಗೆ ಎನ್ನುವುದು ಸದ್ಯದ ಚಿಂತೆ. ಸ್ವಿಚ್‌ಬೋರ್ಡ್ ಇರುವ ಬೇರೆ ರೂಮು ಕೊಡಿಸಲು ಮಗನಿಗೆ ನೀವೇ ಹೇಳಿ ಎಂದೆ. ಹೇಳಿದ್ದಾರೆ, ಅವನು ರೂಮು ಗೊತ್ತು ಮಾಡಿದ್ದಾನೆ.