‘ಕೈಗೆ ಗೊತ್ತಾಯಿತು’ ಎಂದರೆ ಸಾಲದು

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಕೈಗಳೇ ಕಣ್ಣಾದಾಗ’ ಬರಹವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ರೋಗಿಯ ಮೇಲಿನ ಕಾಳಜಿ ಪುಟಪುಟದಲ್ಲೂ ಕಾಣುತ್ತದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಫಿಸಿಯೋಥೆರಪಿಸ್ಟ್ ಆಗಿ ಆರು ವರ್ಷಗಳಲ್ಲಿ ಹೇಗೆ ಬೆಳೆದೆ ಎಂದು ಹೇಳಹೊರಟಿದ್ದೀರಿ. ಆ ಬೆಳವಣಿಗೆ ನಿಜವಾಗಿ ನಡೆದ ಜಾಗಕ್ಕೆ ಬಂದಾಗಲೆಲ್ಲ ‘ಕೈಗೆ ಗೊತ್ತಾಯಿತು’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತೀರಿ. ಈ ಮಾತು ಬಂದ ಕಡೆಯೆಲ್ಲ ನನಗೆ ಸಿಟ್ಟು ಬಂತು. ಯಾಕೆಂದು ಸಾಲು ಹಿಡಿದೇ ಹೇಳುತ್ತೇನೆ.

‘ಭುಜದ ಮೇಲೆ ಬೆರಳಿಟ್ಟ ಕೂಡಲೇ ಕ್ಯಾಪ್ಸೂಲ್ ಬಿಗಿದಿದೆ ಎಂದು ಕೈಗೆ ಗೊತ್ತಾಯಿತು.’ (ಕ್ಯಾಪ್ಸೂಲ್ ಎಂದರೆ ಕೀಲನ್ನು ಸುತ್ತುವರಿದ ಚೀಲ.) ರೋಗಿಗೆ 52 ವರ್ಷ, ಐದು ತಿಂಗಳ ನೋವು, ಕೈ ಬೆನ್ನ ಹಿಂದಕ್ಕೆ ಹೋಗುವುದಿಲ್ಲ, ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ಇದೆಲ್ಲ ನೀವೇ ಬರೆದದ್ದು. ಅಂದಮೇಲೆ ಬೆರಳಿಡುವ ಮೊದಲೇ ಫ್ರೋಜನ್ ಶೋಲ್ಡರ್, ಅಂದರೆ ಆ ಚೀಲ ಬಿಗಿದು ಭುಜ ಹಿಡಿದುಕೊಳ್ಳುವ ಕಾಯಿಲೆಯ ಅನುಮಾನ ನಿಮ್ಮ ತಲೆಯಲ್ಲಿತ್ತು. ತಲೆಯಲ್ಲಿ ಇದ್ದದ್ದನ್ನೇ ಬೆರಳು ಹುಡುಕಿಕೊಂಡು ಹೋಗುತ್ತದೆ. ನೋವಿಗೆ ಹೆದರಿ ಸ್ನಾಯು ಬಿಗಿಹಿಡಿದಿದ್ದರೂ ಬೆರಳಿಗೆ ಸಿಗುವ ಪ್ರತಿರೋಧ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಎರಡನ್ನೂ ಬೇರ್ಪಡಿಸಿದ್ದು ಹೇಗೆ ಎಂಬುದೇ ಓದುಗನಿಗೆ ಬೇಕಾದದ್ದು.

ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಹೊರತಿರುವು (ಮುಂದೋಳನ್ನು ಹೊರಕ್ಕೆ ತಿರುಗಿಸುವ ಚಲನೆ) ನೋಡಿದಿರಾ? ರೋಗಿ ತಾನೇ ತಿರುಗಿಸಿದಾಗಲೂ ನೀವು ತಿರುಗಿಸಿದಾಗಲೂ ಚಲನೆ ಒಂದೇ ಜಾಗದಲ್ಲಿ ನಿಂತರೆ ಕ್ಯಾಪ್ಸೂಲಿನ ಅನುಮಾನ ಗಟ್ಟಿಯಾಗುತ್ತದೆ. ನಿಮ್ಮ ಕೈಯಲ್ಲಿ ಸಲೀಸಾಗಿ ಹೋಗಿ, ರೋಗಿಗೆ ಮಾತ್ರ ಆಗದಿದ್ದರೆ ಭುಜ ತಿರುಗಿಸುವ ಸ್ನಾಯುಗಳಾದ ರೊಟೇಟರ್ ಕಫ್ ಕಡೆಗೆ ತಿರುಗಬೇಕು. ಎರಡೂ ಒಂದೇ ಕಡೆ ನಿಂತರೂ ಮಾತು ಮುಗಿಯುವುದಿಲ್ಲ: ಕೀಲಿನ ಸವೆತವೂ, ಹಿಂದಕ್ಕೆ ಜಾರಿ ಸಿಕ್ಕಿಕೊಂಡ ಕೀಲೂ ಹೊರತಿರುವನ್ನು ಹೀಗೆಯೇ ತಡೆಯುತ್ತವೆ. ಅದಕ್ಕೇ ಎಕ್ಸ್-ರೇ ಕೇಳುವುದು. ಕುತ್ತಿಗೆ ತಿರುಗಿಸಿದಾಗ ಭುಜದ ನೋವು ಏಳುತ್ತದೆಯೇ? ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇವೆಯೇ? ಕಾರಣವಿಲ್ಲದೆ ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಆಗಿತ್ತೇ? ಇವುಗಳಲ್ಲಿ ಒಂದು ಪ್ರಶ್ನೆಯೂ ಬರಹದಲ್ಲಿಲ್ಲ. ನೀವು ಕೇಳಿಯೇ ಇರುತ್ತೀರಿ ಎಂದು ನಂಬುತ್ತೇನೆ, ಆದರೆ ಬರಹದಲ್ಲಿ ಕಾಣಿಸಬೇಕಾದದ್ದು ಅದೇ.

ಮುಂದಿನ ಸಾಲು: ‘ಕೈ ಹೇಳಿದಂತೆ ನಾಲ್ಕನೇ ದರ್ಜೆಯ ಮೊಬಿಲೈಸೇಷನ್ ಕೊಟ್ಟೆ. ಎರಡು ದಿನ ನೋವು ಏರಿತು, ಆಮೇಲೆ ಇಳಿಯಿತು.’ ಇಲ್ಲಿ ಬಹಳ ಹೊತ್ತು ನಿಂತೆ. ಮೊಬಿಲೈಸೇಷನ್ ಎಂದರೆ ಕೀಲನ್ನು ಕೈಯಿಂದ ಲಯಬದ್ಧವಾಗಿ ಅಲುಗಾಡಿಸುವುದು. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೈಟ್‌ಲ್ಯಾಂಡ್ ಅದಕ್ಕೆ ರೂಪಿಸಿದ ದರ್ಜೆಗಳಲ್ಲಿ ಒಂದನೆಯದು ಚಲನೆಯ ಆರಂಭದಲ್ಲೇ ಕೊಡುವ ಸಣ್ಣ ಅಲುಗಾಟ. ಎರಡನೆಯದು ದೊಡ್ಡದು, ಆದರೆ ಪ್ರತಿರೋಧವನ್ನು ಮುಟ್ಟುವುದಿಲ್ಲ. ಮೂರನೆಯದು ದೊಡ್ಡದಾಗಿಯೇ ಪ್ರತಿರೋಧದೊಳಕ್ಕೆ ಹೋಗುತ್ತದೆ. ನಾಲ್ಕನೆಯದು ಪ್ರತಿರೋಧದೊಳಗೇ ನಿಂತು ಕೊಡುವ ಸಣ್ಣ ಅಲುಗಾಟ. ನೋವೇ ಮುಂದಿದ್ದಾಗ ಮೊದಲೆರಡು, ಬಿಗಿತವೇ ಮುಂದಿದ್ದಾಗ ಕೊನೆಯೆರಡು. ಯಾವುದು ಮುಂದಿದೆ ಎಂದು ತಿಳಿಯಲು ಮೂರು ಪ್ರಶ್ನೆ ಕೇಳಬೇಕು: ಎಷ್ಟು ಕೆಲಸಕ್ಕೆ ನೋವು ಏಳುತ್ತದೆ, ಎಷ್ಟು ಜೋರಾಗಿ ಏಳುತ್ತದೆ, ತಣಿಯಲು ಎಷ್ಟು ಹೊತ್ತು ಬೇಕು. ಐದನೇ ಪುಟದಲ್ಲಿ, ಬೇರೇನನ್ನೋ ಹೇಳುತ್ತಾ, ‘ಒಮ್ಮೆ ನೋವು ಎದ್ದರೆ ಗಂಟೆಗಟ್ಟಲೆ ಬಿಡುತ್ತಿರಲಿಲ್ಲ’ ಎಂದು ಬರೆದಿದ್ದೀರಿ. ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅದು. ಅಂಥ ಭುಜಕ್ಕೆ ಮೊದಲ ದಿನ ಒಂದನೇ ಅಥವಾ ಎರಡನೇ ದರ್ಜೆ ಸಾಕು: ಅರ್ಧ ನಿಮಿಷದಂತೆ ಎರಡು ಮೂರು ಸುತ್ತು, ಪ್ರತಿ ಸುತ್ತಿನ ನಂತರ ಅದೇ ಚಲನೆಯನ್ನು ಮತ್ತೆ ನೋಡುವುದು. ನಾಲ್ಕನೆಯದನ್ನೇ ಆರಿಸಲು ನಿಮಗೆ ಕಾರಣವಿದ್ದರೆ ಬರೆಯಿರಿ. ಎರಡು ದಿನ ಏರಿದ ನೋವನ್ನು ಚಿಕಿತ್ಸೆಯ ಸಹಜ ಭಾಗವೆಂಬಂತೆ ದಾಟಿಹೋಗಬೇಡಿ, ಪ್ರಮಾಣ ಮೀರಿತೆಂದು ಆ ಭುಜ ಕೊಟ್ಟ ಉತ್ತರ ಅದು.

ಅದೇ ಪ್ಯಾರಾದಲ್ಲಿ ‘ಹೊರತಿರುವು ಬರಲು ಮುಂದಕ್ಕೆ ಗ್ಲೈಡ್ ಕೊಡಬೇಕು, ಇದು ನಿಯಮ’ ಎಂದಿದ್ದೀರಿ. ಗ್ಲೈಡ್ ಎಂದರೆ ತೋಳಿನ ಮೂಳೆಯ ತಲೆಯನ್ನು ಕೀಲಿನೊಳಗೆ ಜಾರಿಸುವುದು. ಯಾವ ದಿಕ್ಕಿಗೆ ಎಂಬುದನ್ನು ಮೂಳೆತುದಿಗಳ ಆಕಾರ ನೋಡಿ ತೀರ್ಮಾನಿಸುವ ಉಬ್ಬು-ತಗ್ಗಿನ ನಿಯಮ ಹಾಗೆ ಹೇಳುವುದು ನಿಜ. ಆದರೆ ಬಿಗಿದ ಭುಜದ ಕೆಲವೇ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಿಂದಕ್ಕೆ ಗ್ಲೈಡ್ ಪಡೆದವರ ಹೊರತಿರುವು ಸರಾಸರಿ 31 ಡಿಗ್ರಿ ಹೆಚ್ಚಿತು, ಮುಂದಕ್ಕೆ ಪಡೆದವರದು 3 ಡಿಗ್ರಿ. ಸಣ್ಣ ಅಧ್ಯಯನ, ಅದನ್ನೇ ಹೊಸ ನಿಯಮ ಮಾಡಿಕೊಳ್ಳುವುದು ಬೇಡ. ಎರಡೂ ದಿಕ್ಕು ಕೊಟ್ಟು ನೋಡಿ, ಯಾವುದರ ನಂತರ ಚಲನೆ ಬಂತೋ ಅದನ್ನು ಮುಂದುವರಿಸುವುದು ಮೇಜಿನ ಬಳಿ ಮಾಡಬಹುದಾದ ಕೆಲಸ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಹಿರಿಯರು ಕೈ ಇಡುವ ಮೊದಲು ಮೂರು ಸಾಲು ಬರೆಸುತ್ತಿದ್ದರು: ಏನೆಂದು ಊಹಿಸಿದ್ದೀಯ, ಅದು ತಪ್ಪೆಂದು ಯಾವುದರಿಂದ ಗೊತ್ತಾಗುತ್ತದೆ, ಚಿಕಿತ್ಸೆಯ ನಂತರ ಯಾವ ಚಲನೆ ಎಷ್ಟು ಬದಲಾಗಬೇಕು. ಚಿಕಿತ್ಸೆ ಮುಗಿದ ಮೇಲೆ ಆ ಸಾಲುಗಳ ಕೆಳಗೇ ಫಲಿತಾಂಶ. ಕೈಯನ್ನೂ ಹೀಗೆಯೇ ಪಳಗಿಸುತ್ತಿದ್ದರು. ತೂಕದ ಯಂತ್ರದ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಹೇಳಿದಷ್ಟು ಕಿಲೋ ಬಂತೇ ಎಂದು ನೋಡುವುದು. ತಾಳ ಹಾಕುವ ಮೆಟ್ರೊನೋಮ್ ಇಟ್ಟು ಸೆಕೆಂಡಿಗೆ ಎರಡರಂತೆ ಅಲುಗಾಟ ಕೊಡುವುದು. ಕೈ ಸೂಕ್ಷ್ಮವಾಗುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಊಹೆ ಮತ್ತು ಫಲಿತಾಂಶ ಅಕ್ಕಪಕ್ಕ ಬರಹದಲ್ಲಿ ಇದ್ದುದರಿಂದಲೇ ಅದು ಸೂಕ್ಷ್ಮವಾಯಿತು. ಬರೆಯದೆ ಹೋದರೆ ಸರಿಹೋದ ಊಹೆಗಳು ಮಾತ್ರ ನೆನಪಿನಲ್ಲಿ ಉಳಿಯುತ್ತವೆ, ಆರು ವರ್ಷದ ಮೇಲೂ ಮೊದಲ ವರ್ಷದ ಊಹೆಯೇ ನಡೆಯುತ್ತಿರುತ್ತದೆ.

ಇನ್ನೊಂದು ಸಾಲನ್ನು ಮಾತ್ರ ಎತ್ತುತ್ತೇನೆ. ‘ಆರು ವಾರದಲ್ಲಿ ಪವಾಡವೆಂಬಂತೆ ಭುಜ ಬಿಡುಗಡೆಯಾಯಿತು.’ ಎಷ್ಟು? ಹೊರತಿರುವು ಅಳೆಯುವ ರೀತಿ ಇದು: ಅಂಗಾತ ಮಲಗಿಸಿ, ತೋಳು ಪಕ್ಕೆಗೆ, ಮೊಣಕೈ 90 ಡಿಗ್ರಿ. ಕೋನ ಅಳೆಯುವ ಗೋನಿಯೋಮೀಟರಿನ ಕೇಂದ್ರ ಮೊಣಕೈಯ ತುದಿಮೂಳೆಯ ಮೇಲೆ, ಆ ಉಪಕರಣದ ಒಂದು ತೋಳು ನೆಲಕ್ಕೆ ಲಂಬವಾಗಿ, ಇನ್ನೊಂದು ಕಿರುಬೆರಳ ಕಡೆಯ ಮಣಿಕಟ್ಟಿನ ಉಬ್ಬುಮೂಳೆಯತ್ತ. ಪ್ರತಿ ಸಲವೂ ಇದೇ ಭಂಗಿ, ಅಳೆಯುವವರೂ ಒಬ್ಬರೇ. ಆಗಲೂ ಐದು ಡಿಗ್ರಿ ಒಳಗಿನ ವ್ಯತ್ಯಾಸ ಅಳತೆಯ ಏರುಪೇರೇ ಆಗಿರಬಹುದು. ರೋಗಿಗೆ ಕಷ್ಟವಾದ ಮೂರರಿಂದ ಐದು ಕೆಲಸಗಳನ್ನು ಅವರ ಬಾಯಿಂದಲೇ ಕೇಳಿ, ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ ಹಾಕಿಸಿ. ಸರಾಸರಿ ಎರಡು ಅಂಕ ಏರಿದರೆ ಬದಲಾವಣೆ ಎನ್ನಬಹುದು. ಮರುಪರೀಕ್ಷೆಯನ್ನು ಚಿಕಿತ್ಸೆಯ ಕೊನೆಗೊಮ್ಮೆ ಮಾಡಿದರೆ ಸಾಲದು, ಮುಂದಿನ ಭೇಟಿಯ ಮೊದಲಿಗೂ ಮಾಡಬೇಕು. ಮೇಜಿನ ಮೇಲೆ ಬಂದ ಚಲನೆ ಮನೆಗೆ ಹೋಗುವಷ್ಟರಲ್ಲಿ ಇಲ್ಲವಾಗುವುದು ಸಾಮಾನ್ಯ. ಫ್ರೋಜನ್ ಶೋಲ್ಡರ್ ಕಾಲ ಕಳೆದಂತೆ ತಾನಾಗಿಯೂ ಸಡಿಲಾಗುತ್ತದೆ, ಹಾಗಾಗಿ ಆರು ವಾರದ ಸುಧಾರಣೆಯಲ್ಲಿ ನಿಮ್ಮ ಕೈಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ನೀವೇ ಎತ್ತಬೇಕಿತ್ತು.

ಉಳಿದ ಭಾಗಗಳ ಬಗ್ಗೆ ಏನೂ ಹೇಳುವುದಿಲ್ಲ. ತಿದ್ದಿ ಕಳಿಸುವಾಗ ಮೊದಲ ಭೇಟಿಯ ಅಳತೆ ನಿಮ್ಮ ಕಡತದಲ್ಲಿದ್ದರೆ ಸೇರಿಸಿ, ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಕೊನೆಯ ಪುಟದಲ್ಲಿ ‘ಇದೇ ಚಿಕಿತ್ಸೆ ಇನ್ನೊಬ್ಬರಿಗೆ ಹಿಡಿಸಲಿಲ್ಲ’ ಎಂದು ಅರ್ಧ ಸಾಲು ಬರೆದು ಬಿಟ್ಟಿದ್ದೀರಲ್ಲ, ಆ ರೋಗಿಯಿಂದಲೇ ಬರಹ ಶುರುಮಾಡಿ. ಅವರ ಭುಜದ ಬಗ್ಗೆ ಮೊದಲ ದಿನ ಏನು ಊಹಿಸಿದಿರಿ, ಎಷ್ಟನೇ ಭೇಟಿಯಲ್ಲಿ ಊಹೆ ಬದಲಿಸಿದಿರಿ, ಯಾವ ಪರೀಕ್ಷೆ ಬದಲಿಸುವಂತೆ ಮಾಡಿತು, ಅಷ್ಟನ್ನು ಬರೆದು ಕಳಿಸಿ. ಓದಲು ಕಾಯುತ್ತಿದ್ದೇನೆ.

ಸಂಪಾದಕ