ಮೂರು ದಿನದಲ್ಲಿ ಡಿಪಾಸಿಟ್ ಕಟ್ಟಬೇಕಂತೆ

(ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ.)

ರಮ್ಯಾಗೆ 22 ವರ್ಷ. ಮಲೆನಾಡಿನ ಹುಡುಗಿ, ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿದ್ದಳು. ತಂದೆ ಇಲ್ಲ. ತಾಯಿ ಹೊಲಿಗೆ ಮಾಡುತ್ತಾರೆ, ಒಂದಿಷ್ಟು ಅಡಿಕೆ ತೋಟವಿದೆ. ಮಗಳ ಓದಿನ ಬಗ್ಗೆ ಸಲಹೆಗೆ ನನ್ನ ಹತ್ತಿರ ಬಂದ ತಾಯಿ ಬಂದವರೇ ಕೇಳಿದರು: "ಕಳಿಸೋದಾ ಬೇಡ್ವಾ ಮೇಡಂ? ನೀವೇ ಒಂದು ಮಾತು ಹೇಳಿಬಿಡಿ."

ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಆಫರ್ ಲೆಟರ್ ಬಂದಿತ್ತು. ಒಂದು ವರ್ಷದ ಎಂಎಸ್‌ಸಿ, ಫೀಸು 19,000 ಪೌಂಡ್. ಮೂರು ದಿನದಲ್ಲಿ ಡಿಪಾಸಿಟ್ ಕಟ್ಟದಿದ್ದರೆ ಸೀಟು ಹೋಗುತ್ತದೆ ಅಂತ, ವಿದೇಶದಲ್ಲಿ ಸೀಟು ಕೊಡಿಸುವ ಕನ್ಸಲ್ಟೆನ್ಸಿಯವರು ಹೇಳಿದ್ದರಂತೆ.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. ಒಬ್ಬಳೇ ಮಗಳು, ದೂರ ಹೋಗುತ್ತಾಳೆ, ತಾಯಿಗೆ ಅದೇ ಸಂಕಟ ಅಂದುಕೊಂಡೆ. ವಿಡಿಯೊ ಕಾಲ್ ಇದೆ, ಅಲ್ಲೂ ನಮ್ಮವರು ಸಿಗುತ್ತಾರೆ ಅಂತ ಅರ್ಧ ಗಂಟೆ ಸಮಾಧಾನ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಹೊರಡುವಾಗ, ಮಗಳು ಆಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ತಾಯಿ ಬಾಗಿಲಲ್ಲೇ ನಿಂತು ಮೆಲ್ಲಗೆ ಅಂದರು: "ಮನೆ ಪತ್ರ ಸೊಸೈಟಿಯಲ್ಲಿದೆ ಮೇಡಂ. ಅವಳಿಗೆ ಗೊತ್ತಿಲ್ಲ."

ಬಿಇ ಫೀಸಿಗೆ ಅಂತ ಮನೆ ಅಡ ಇಟ್ಟಿದ್ದರು. ಮಗಳು ಅದೇ ಮನೆಯ ಮೇಲೆ ಸಾಲ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಕೂತಿದ್ದಳು. ತೋಟ ಇದೆಯಲ್ಲ ಅನ್ನಬಹುದು. ಆದರೆ ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಉಳಿದದ್ದು ತೋಟ ಮಾರುವ ದಾರಿ, ಇಲ್ಲವೇ ಕನ್ಸಲ್ಟೆನ್ಸಿಯವರು ತೋರಿಸಿದ ಜಾಸ್ತಿ ಬಡ್ಡಿಯ ಫೈನಾನ್ಸ್.

ತಾಯಿಯ ಗುಟ್ಟನ್ನು ಮಗಳಿಗೆ ನಾನು ಹೇಳುವ ಹಾಗಿಲ್ಲ. ಮರುದಿನ ಅವರಿಗೆ ಫೋನ್ ಮಾಡಿ, ನೀವೇ ಹೇಳಿ, ಬೇಕಾದರೆ ನನ್ನೆದುರೇ ಹೇಳಿ ಅಂದೆ. ಎರಡನೇ ಭೇಟಿಯಲ್ಲಿ ಹೇಳಿದರು. ರಮ್ಯಾಗೆ ಸಿಟ್ಟು ಬಂತು. "ಮೊದಲೇ ಹೇಳಿದ್ರೆ ನಾನು ಅರ್ಜಿನೇ ಹಾಕ್ತಿರಲಿಲ್ಲ ಅಮ್ಮಾ."

"ಅದಕ್ಕೇ ಹೇಳಲಿಲ್ಲ," ಅಂದರು ತಾಯಿ.

ಆಮೇಲೆ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಸುಮ್ನಿದ್ದೆ.

ಮೂರನೇ ಭೇಟಿಗೆ ರಮ್ಯಾ ಒಬ್ಬಳೇ ಬಂದಳು. ಇಂಗ್ಲೆಂಡ್ ಯಾಕೆ ಅಂದೆ. "ಒಂದೇ ವರ್ಷಕ್ಕೆ ಮುಗಿಯುತ್ತೆ." ಮುಗಿದ ಮೇಲೆ? ಉತ್ತರ ಇರಲಿಲ್ಲ. ಕೋರ್ಸಿನ ಸಿಲಬಸ್ ತೆಗೆಸಿ ಓದಿಸಿದೆ. ಎಂಟು ವಿಷಯಗಳಲ್ಲಿ ಐದನ್ನು ಬಿಇಯಲ್ಲೇ ಓದಿದ್ದಳು. ಅವಳಿಗೆ ನಿಜಕ್ಕೂ ಆಸೆ ಇದ್ದದ್ದು ಚಿಪ್ ವಿನ್ಯಾಸದ ಮೇಲೆ. ಆ ಕೋರ್ಸಿನಲ್ಲಿ ಅದು ಇರಲೇ ಇಲ್ಲ!

ಲೆಕ್ಕ ಅವಳ ಕೈಯಲ್ಲೇ ಬರೆಸಿದೆ. ಫೀಸು, ವಾಸ, ವೀಸಾ, ವಿಮಾನ ಎಲ್ಲ ಸೇರಿ 35 ಲಕ್ಷ. ಶೇ 10.5 ಬಡ್ಡಿ, 10 ವರ್ಷ ಅಂದರೆ ತಿಂಗಳ ಕಂತು ಸುಮಾರು 47,000 ರೂಪಾಯಿ. ಓದುವಾಗ ಕಂತಿಲ್ಲ ನಿಜ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷವೂ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ.

ಜರ್ಮನಿ ಬಗ್ಗೆ ಯಾರೂ ಹೇಳಲಿಲ್ಲವಾ ಅಂತ ಕೇಳಿದೆ. ಇಲ್ಲವಂತೆ. ಆಶ್ಚರ್ಯವಿಲ್ಲ. 'ಉಚಿತ' ಕನ್ಸಲ್ಟೆನ್ಸಿಗೆ ದುಡ್ಡು ಬರುವುದು ಹೆಚ್ಚಾಗಿ ವಿಶ್ವವಿದ್ಯಾಲಯಗಳು ಕೊಡುವ ಕಮಿಷನ್‌ನಿಂದ. ಫೀಸೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ತೆಗೆದುಕೊಳ್ಳುತ್ತದೆ. ಆದರೆ ಅದೇನೂ ಸಲೀಸಿನ ದಾರಿಯಲ್ಲ. ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕು. ನಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕೆಲಸಕ್ಕೆ ಜರ್ಮನ್ ಬೇಕಾಗುತ್ತದೆ, ಈ ವಿಷಯ ಜಾಸ್ತಿ ಜನಕ್ಕೆ ಗೊತ್ತಾಗುವುದು ಅಲ್ಲಿಗೆ ಹೋದ ಮೇಲೆ. ಅವಳ ಸಿಜಿಪಿಎ 7.4. ಪಾಸಿಗೆ 4 ಅಂತ ಹಿಡಿದರೆ ಅಲ್ಲಿನ ಲೆಕ್ಕದಲ್ಲಿ 2.3 ಆಗುತ್ತದೆ. ಅಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಕನಿಷ್ಠ 2.5 ಕೇಳುವ ಕೋರ್ಸುಗಳಿಗೆ ಅರ್ಜಿ ಹಾಕಬಹುದು.

ಇಲ್ಲೇ ಗೇಟ್ ಬರೆದು ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಇದನ್ನು ಹೇಳಿದಾಗ ಅವಳ ಮುಖ ಸಪ್ಪಗಾಯಿತು. ಅದನ್ನೂ ಬರೆದುಕೋ ಅಂದೆ.

ನಾನು ಕೊಟ್ಟ ಸಲಹೆ ಇಷ್ಟು. ಈ ಡಿಪಾಸಿಟ್ ಕಟ್ಟಬೇಡ. ಒಂದು ವರ್ಷ ಕೆಲಸ ಮಾಡು, ಸಾಧ್ಯವಾದರೆ ಚಿಪ್ಪಿಗೆ ಸಂಬಂಧಪಟ್ಟದ್ದೇ. ಜೊತೆಗೆ ಜರ್ಮನ್ ಕಲಿ, ಗೇಟ್‌ಗೂ ಅರ್ಜಿ ಹಾಕು. ಸಿಲಬಸ್ ಓದದೆ ಯಾವ ಕೋರ್ಸಿಗೂ ಕೈ ಹಾಕಬೇಡ. ಮನೆಯ ಸಾಲದ ಪಾಸ್‌ಬುಕ್ ಅಮ್ಮನ ಜೊತೆ ಕೂತು ನೋಡು. ಹೋಗಬೇಡ ಅಂತ ನಾನು ಹೇಳಲಿಲ್ಲ. ಮುಂದಿನ ವರ್ಷವೂ ಇಂಗ್ಲೆಂಡೇ ಬೇಕು ಅನಿಸಿದರೆ, ಯಾಕೆ ಅಂತ ಹೇಳುವ ಹಾಗಿದ್ದರೆ ಸಾಕು.

ಅವಳು ಕಟ್ಟಲಿಲ್ಲ. ಐದನೇ ದಿನ ಕನ್ಸಲ್ಟೆನ್ಸಿಯವರೇ ಫೋನ್ ಮಾಡಿದರಂತೆ: ಸೀಟು ಇನ್ನೂ ಇದೆ, ಕೊನೆಯ ದಿನ ಎರಡು ವಾರ ಮುಂದಕ್ಕೆ ಹೋಗಿದೆ!

ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಶನಿವಾರ, ಭಾನುವಾರ ಜರ್ಮನ್ ಕ್ಲಾಸ್. ಜರ್ಮನಿಯೋ ಎಂಟೆಕ್ಕೋ ಇನ್ನೂ ತೀರ್ಮಾನವಾಗಿಲ್ಲ. ಕಳೆದ ತಿಂಗಳು ತಾಯಿ ಫೋನ್ ಮಾಡಿದ್ದರು. "ಸೊಸೈಟಿಯ ಎರಡು ಕಂತು ಅವಳೇ ಕಟ್ಟಿದ್ದಾಳೆ. ಅವಳ ದುಡ್ಡು ತಗೊಳ್ಳೋದಾ ಬೇಡ್ವಾ ಮೇಡಂ? ನೀವೇ ಒಂದು ಮಾತು ಹೇಳಿಬಿಡಿ."