ನಗುವಾಗ ಬಾಯಿಗೆ ಅಡ್ಡ ಬರುವ ಕೈ

ಪ್ರಶ್ನೆ: ನನಗೆ 24 ವರ್ಷ. ಪಾವಗಡ ತಾಲ್ಲೂಕಿನ ಹಳ್ಳಿಯವಳು. ತುಮಕೂರಿನ ಬ್ಯೂಟಿ ಪಾರ್ಲರ್ ಒಂದರಲ್ಲಿ ಮದುಮಗಳ ಮೇಕಪ್ ಮಾಡುತ್ತೇನೆ. ಊರಿನ ನೀರಿನಿಂದ ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಹಲ್ಲು ಎದ್ದು ಕಾಣುತ್ತದೆಂದು ಲಿಪ್‌ಸ್ಟಿಕ್ ಹಚ್ಚುವುದೇ ಇಲ್ಲ. ಈಗ ಮಾಲೀಕರು ಅಂಗಡಿಯ ಬೋರ್ಡಿಗೆ ನನ್ನದೇ ಫೋಟೋ ಹಾಕೋಣ ಎನ್ನುತ್ತಿದ್ದಾರೆ. ಸರ ಅಡವಿಟ್ಟು ಆರು ಹಲ್ಲಿಗೂ ಕ್ಯಾಪ್ ಹಾಕಿಸಿಬಿಡಲೇ? ಕಳೆದ ತಿಂಗಳು ನಮ್ಮ ಕಡೆಯ ಮದುಮಗಳೊಬ್ಬಳು “ಅಕ್ಕಾ, ಹಲ್ಲು ಕಾಣದ ಹಾಗೆ ಮಾಡಿ” ಎಂದು ಪಿಸುಗುಟ್ಟಿದಳು. ಅವಳಿಗೆ ಧೈರ್ಯ ಹೇಳಿದೆ, ನನಗೆ ಹೇಳಿಕೊಳ್ಳಲಾಗುತ್ತಿಲ್ಲ. ಅಕ್ಕನ ಮೂರು ವರ್ಷದ ಮಗಳೂ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ.

ಉತ್ತರ: ಸರ ಅಡವಿಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಕ್ಯಾಪ್ ಹಾಕುವುದೆಂದರೆ ಗಟ್ಟಿ ಹಲ್ಲನ್ನು ಸುತ್ತಲೂ ಸವೆಸಿ ಅದಕ್ಕೊಂದು ಟೋಪಿ ತೊಡಿಸುವುದು. ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ಈ ವಯಸ್ಸಿಗೆ, ಅದೂ ಒಂದು ಬೋರ್ಡಿನ ಫೋಟೋಗಾಗಿ! ನಿಮ್ಮ ಕಲೆಯ ಹೆಸರು ಫ್ಲೋರೋಸಿಸ್. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಲ್ಲಿ ಕುಡಿಯುತ್ತಿದ್ದರೆ, ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಗಟ್ಟಿ ಹೊರಪದರವಾದ ಎನಾಮಲ್ ಕೆಡುತ್ತದೆ. ಹಲ್ಲುಜ್ಜದ್ದಕ್ಕೆ ಬಂದ ಕಲೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ನಿಂಬೆಹಣ್ಣು, ಇದ್ದಿಲು ಎಂದು ಯಾರಾದರೂ ಮನೆಮದ್ದು ತಂದರೆ ಕೈಮುಗಿದು ಕಳಿಸಿ. ಹುಳಿ ಉಳಿದಿರುವ ಎನಾಮಲನ್ನೂ ತಿನ್ನುತ್ತದೆ. ತುಮಕೂರಿನಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ. ಬಿಡುವಿನ ದಿನ ಹೋಗಿ ತೋರಿಸಿ. ಕಲೆ ಮೇಲುಮೇಲಿನದಾದರೆ ಎನಾಮಲ್‌ನ ತೆಳುಪದರವನ್ನಷ್ಟೇ ಉಜ್ಜಿ ತೆಗೆದು, ಬೇಕಾದರೆ ಬ್ಲೀಚ್ ಮಾಡಿ, ಎಷ್ಟೋ ಕಡಿಮೆ ಮಾಡಬಹುದು. ಕ್ಯಾಪ್‌ನ ಮಾತು ಕೊನೆಗಿರಲಿ.

ಇನ್ನು ಲಿಪ್‌ಸ್ಟಿಕ್. ಆ ಮದುಮಗಳಿಗೆ ಯಾವ ಬಣ್ಣ ಹಚ್ಚಿದಿರೆಂದು ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ. ಕಿತ್ತಳೆ, ಇಟ್ಟಿಗೆ ಬಣ್ಣಗಳನ್ನು ಮುಟ್ಟಿರಲಾರಿರಿ. ಅವು ಹಲ್ಲಿನ ಹಳದಿಯನ್ನು ಎತ್ತಿ ತೋರಿಸುತ್ತವೆ. ನೀಲಿ ಛಾಯೆ ಬೆರೆತ ಕೆಂಪನ್ನೋ, ನೇರಳೆ ಹಣ್ಣು ತಿಂದ ತುಟಿಯ ಬಣ್ಣವನ್ನೋ ಆರಿಸಿರುತ್ತೀರಿ. ಅದು ನಿಮ್ಮ ಪೆಟ್ಟಿಗೆಯಲ್ಲೇ ಇದೆಯಲ್ಲ! ಊರಿನವರ ತುಟಿಗೆಲ್ಲ ಬಣ್ಣ ಹೊಂದಿಸುವವರು ತಮ್ಮ ತುಟಿಯ ಸರದಿ ಬಂದಾಗ ಕಲಿತದ್ದನ್ನೆಲ್ಲ ಮರೆಯುವುದು ವಿಚಿತ್ರ. ಬಣ್ಣ ಕಲೆಯನ್ನು ಅಳಿಸುವುದಿಲ್ಲ, ಒಪ್ಪುತ್ತೇನೆ. ಹತ್ತಿರ ನಿಂತವರಿಗೆ ಕಾಣುತ್ತದೆ, ಕೆಲವರು ಬಾಯಿಬಿಟ್ಟು ಕೇಳಿಯೂ ಕೇಳುತ್ತಾರೆ. “ನಮ್ಮೂರ ನೀರು” ಎನ್ನಿ. ಅದಕ್ಕಿಂತ ಹೆಚ್ಚು ವಿವರಣೆಗೆ ಅವರು ಅರ್ಹರಲ್ಲ.

ಬೋರ್ಡಿನ ವಿಷಯದಲ್ಲಿ ನನಗೆ ನಿಮ್ಮ ಮಾಲೀಕರಷ್ಟು ಅವಸರವಿಲ್ಲ. ನಿಮ್ಮ ಮುಖ ಸಂಬಳದ ಲೆಕ್ಕಕ್ಕೆ ಸೇರಿಲ್ಲ. ಬೇಡವೆನಿಸಿದರೆ ಬೇಡ ಎನ್ನಿ. ಹಾಕಿಸುವುದಾದರೆ ಮಾತ್ರ ಹಲ್ಲು ಬೆಳ್ಳಗೆ ಮಾಡುವ ಫಿಲ್ಟರ್ ಬೇಡ. ಆ ಮದುಮಗಳು ನಿಮ್ಮ ಹಲ್ಲು ನೋಡಿದ್ದರಿಂದಲೇ ನಿಮ್ಮ ಕಿವಿಯಲ್ಲಿ ಪಿಸುಗುಟ್ಟಿದ್ದು ಎಂದು ನನ್ನ ಅನುಮಾನ. ಹಾಲಿನಂಥ ಹಲ್ಲಿನವಳ ಮುಂದೆ ಬಾಯಿ ಬಿಗಿದುಕೊಂಡೇ ಕೂತಿರುತ್ತಿದ್ದಳು. ಪಾವಗಡ, ಮಧುಗಿರಿಯಿಂದ ಅವಳಂಥವರು ಇನ್ನೂ ಬರುತ್ತಾರೆ.

ಮಗುವಿನ ವಿಷಯ ತಡಮಾಡುವಂಥದ್ದಲ್ಲ. ಈಗ ಬಾಯಲ್ಲಿರುವುದು ಹಾಲುಹಲ್ಲು. ಶಾಶ್ವತ ಹಲ್ಲು ಒಳಗೆ ಇನ್ನೂ ತಯಾರಾಗುತ್ತಿದೆ. ಕುಡಿಯಲಿಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತರಲು ಅಕ್ಕನಿಗೆ ಇವತ್ತೇ ಫೋನ್ ಮಾಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಹೇಳಿ. ಊರಿಗೆ ಹೋಗುವಾಗ ಆ ನೇರಳೆ ಬಣ್ಣದ ಲಿಪ್‌ಸ್ಟಿಕ್ ಚೀಲದಲ್ಲಿರಲಿ. ಹಚ್ಚಿಕೊಂಡು ಮಗುವಿನ ಎದುರು ಕೂತರೆ ಅವಳೂ ತನಗೆ ಬೇಕೆಂದು ತುಟಿ ಚಾಚುತ್ತಾಳೆ. ನಗು ಬರುತ್ತದೆ. ಕೈಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ.